ಒಂದಿಂಚೂ ಬಿಡದ ಹೊಳಪು

ಮಾರ್ಚ್ 2, ಭಾನುವಾರ

ಈ ನೋಟ್‌ಬುಕ್ ಕೆಂಪಿಗಾಗಿ ಮಾತ್ರ. ಯಾವ ಬೋಲ್ಟು ಯಾವಾಗ ಬಿಚ್ಚಿದೆ, ಯಾವ ಹೊಸ ಭಾಗ ಎಲ್ಲಿ ಕೂರಿಸಿದೆ, ಬಣ್ಣದ ಮೇಲೆ ಎಷ್ಟನೇ ನಂಬರಿನ ವಾಟರ್ ಪೇಪರ್ ಎಂಬ ಉಜ್ಜುಕಾಗದ ಆಡಿಸಿದೆ, ಅಷ್ಟನ್ನೇ ಬರೆಯುವುದು. ಮನೆಯ ರಾಮಾಯಣಕ್ಕೆ ಇಲ್ಲಿ ಜಾಗವಿಲ್ಲ.

ಇವತ್ತು ಕೆಂಪಿಯನ್ನು ಮೇಸ್ತ್ರಿಯ ಗ್ಯಾರೇಜಿಗೆ ಎಳೆಸಿಕೊಂಡು ಬಂದೆ. ಮೂರು ಬಾಗಿಲಿನ, ಹನ್ನೊಂದು ವರ್ಷದ, ಅಂಗೈಯಗಲದ ಕೆಂಪು ಹ್ಯಾಚ್‌ಬ್ಯಾಕ್. ನೋಡಿದವರು ತರಕಾರಿ ತರುವ ಕಾರು ಅಂದುಕೊಳ್ಳುತ್ತಾರೆ. ಬಾನೆಟ್ಟಿನ ಕೆಳಗೆ, ಎಂಜಿನ್ನಿಗೆ ಗಾಳಿ ನುಗ್ಗಿಸಿ ಬಲ ಕೊಡುವ ಟರ್ಬೊ ಕೂತಿರುವುದು ಸಿಗ್ನಲ್ಲಿನಲ್ಲಿ ಹಸಿರು ದೀಪ ಬಿದ್ದಾಗಷ್ಟೇ ಅವರಿಗೆ ತಿಳಿಯುತ್ತದೆ. ನಮ್ಮಂಥ ಗೀಳಿನವರು ಇಂಥ ಗಾಡಿಯನ್ನು ಹಾಟ್ ಹ್ಯಾಚ್ ಎನ್ನುತ್ತೇವೆ. ಅಮ್ಮ ಇವಳನ್ನು ‘ನಮ್ಮನೆ ಸೊಸೆ’ ಎನ್ನುತ್ತಾಳೆ, ಬೇರೆ ಸೊಸೆ ಬರುವ ಲಕ್ಷಣ ಕಾಣದ ಸಿಟ್ಟಿಗೆ.

ಆಗಿರುವ ಗಾಯ: ಮುಂದಿನ ಬಂಪರ್ ಎರಡು ಹೋಳು. ಎಡಗಡೆಯ ಹೆಡ್‌ಲೈಟ್ ಪುಡಿ. ರೇಡಿಯೇಟರ್ ಒಳಕ್ಕೆ ಬಾಗಿ ನೀರು ಸೋರಿದೆ. ಎಡಚಕ್ರದ ಮೇಲಿನ ತಗಡು, ಅಂದರೆ ಫೆಂಡರ್, ಮಡಚಿಕೊಂಡು ಬಾಗಿಲಿಗೆ ತಾಗಿದೆ. ಬಾನೆಟ್ಟಿನ ಮೂಲೆಯಲ್ಲಿ ಬಣ್ಣ ಸಿಪ್ಪೆ ಎದ್ದಿದೆ, ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅಮ್ಮನ ಬಲ ಮಣಿಕಟ್ಟು ಮುರಿದಿದೆ, ಪ್ಲಾಸ್ಟರ್ ಹಾಕಿದ್ದಾರೆ.

ಎರಡು ವಾರದ ಹಿಂದಿನ ಭಾನುವಾರ ಬೆಳಿಗ್ಗೆ ತಂಗಿ ಅಮ್ಮನನ್ನು ಕೂರಿಸಿಕೊಂಡು ಹೊರಟವಳು ಬೀದಿ ತುದಿಯ ತಿರುವಿನಲ್ಲಿ ಅಂಚೆ ಕಚೇರಿಯ ಕಾಂಪೌಂಡಿಗೆ ಗುದ್ದಿದಳು. “ಬ್ರೇಕ್ ತುಳಿದೆ ಅಣ್ಣ, ಕಾಲು ಜಾರಿಹೋಯ್ತು” ಎನ್ನುತ್ತಾಳೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಹಿಂದಿನ ದಿನ ಶನಿವಾರ ಪೂರ್ತಿ ನಾನು ಕೆಂಪಿಯ ಸೇವೆಯಲ್ಲಿದ್ದೆ, ಭಾನುವಾರ ಮಧ್ಯಾಹ್ನ ನಮ್ಮ ಕಾರು ಕೂಟದ ಫೋಟೋ ಇತ್ತಲ್ಲ. ಹೊರಗೆ ಮೂರು ಸುತ್ತು ಪಾಲಿಶ್. ಒಳಗೆ ಡ್ಯಾಶ್‌ಬೋರ್ಡ್, ಬಾಗಿಲಿನ ರಬ್ಬರು, ಸೀಟಿನ ಕಂಬಿ, ಕೊನೆಗೆ ಪೆಡಲುಗಳವರೆಗೂ ಒಂದಿಂಚೂ ಬಿಡದೆ ಹೊಳಪು ಕೊಟ್ಟಿದ್ದೆ. ಆ ಹೊಳಪು ನೋಡುವ ಭಾಗ್ಯ ಸಿಕ್ಕಿದ್ದು ಅಂಚೆ ಕಚೇರಿಯ ಗೋಡೆಗೆ.

ಏಪ್ರಿಲ್ 6ಕ್ಕೆ ಕೂಟದ ವಾರ್ಷಿಕ ಪ್ರದರ್ಶನ. ಅಷ್ಟರೊಳಗೆ ಇವಳನ್ನು ಎಬ್ಬಿಸಿ ನಿಲ್ಲಿಸಬೇಕು. ನಿಲ್ಲಿಸುತ್ತೇನೆ.

ಮಾರ್ಚ್ 8, ಶನಿವಾರ

ಮೇಸ್ತ್ರಿ ಇಡೀ ಗಾಡಿ ತಪಾಸಣೆ ಮಾಡಿದರು. ಮೂವತ್ತು ವರ್ಷದಿಂದ ಗಾಡಿಗಳ ಹೊಟ್ಟೆಯಡಿ ಮಲಗಿದ ಮನುಷ್ಯ, ಬಾಯಿ ಬಿಟ್ಟರೆ ತೂಕದ ಮಾತು.

“ಬ್ರೇಕ್ ನೋಡಿದೆ ಕಣಪ್ಪ. ಪೈಪು, ಆಯಿಲ್ಲು, ಪ್ಯಾಡು, ಎಲ್ಲ ಸರಿಯಾಗೇ ಇದೆ. ಗಾಡೀದೇನೂ ತಪ್ಪಿಲ್ಲ.”

ಊಟಕ್ಕೆ ಕೂತಾಗ ಇದನ್ನು ಮನೆಯಲ್ಲಿ ಹೇಳಿದೆ. ತಂಗಿ ತಟ್ಟೆ ಎತ್ತಿಕೊಂಡು ಎದ್ದುಹೋದಳು. ಅಮ್ಮ ಎಡಗೈಯಲ್ಲಿ ಚಮಚ ಹಿಡಿದು ಪರದಾಡುತ್ತ “ಇನ್ನು ಆ ಸ್ಟೇರಿಂಗ್ ಮುಟ್ಟಬೇಡ ಅಂತ ಹೇಳಿದೀನಿ ಬಿಡು” ಎಂದಳು.

ತಮಾಷೆಯೆಂದರೆ ಇವಳಿಗೆ ಏಪ್ರಿಲ್ 7ಕ್ಕೆ ಆಂಬುಲೆನ್ಸ್ ಚಾಲಕಿಯ ಕೆಲಸದ ಪರೀಕ್ಷೆ ಇದೆ. ಬರವಣಿಗೆಯ ಪರೀಕ್ಷೆ, ಆರೋಗ್ಯ ತಪಾಸಣೆ ಎರಡೂ ಆಗಿವೆ, ಗಾಡಿ ಓಡಿಸಿ ತೋರಿಸುವುದೊಂದು ಬಾಕಿ. ಔಷಧಿ ಅಂಗಡಿಯ ಕೌಂಟರಿನಲ್ಲಿ ಮಾತ್ರೆ ಎಣಿಸಿ ಎಣಿಸಿ ಅವಳಿಗೆ ಸಾಕಾಗಿದೆ. ಮುಂದಿನ ಸಲ ಕರೆಯುವ ಹೊತ್ತಿಗೆ ವಯಸ್ಸಿನ ಮಿತಿ ದಾಟಿರುತ್ತಾಳೆ, ಹಾಗಾಗಿ ಇದೇ ಕೊನೆಯ ಅವಕಾಶ. “ನಮ್ಮ ತಂಗಿ ಆಂಬುಲೆನ್ಸ್ ಓಡಿಸಿದರೆ ಹೊರಡುವಾಗ ಒಬ್ಬ ರೋಗಿ, ತಲುಪುವಾಗ ಮೂವರು” ಎಂದು ಕೂಟದ ಗುಂಪಿನಲ್ಲಿ ಬರೆದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಇರಲಿ. ಹೇಗೂ ಬಿಚ್ಚಿದ್ದೇವೆ, ಬರೀ ರಿಪೇರಿ ಮಾಡಿ ಬಿಡುವುದೇಕೆ? ದೊಡ್ಡ ಬ್ರೇಕ್ ಡಿಸ್ಕು, ಟರ್ಬೊದ ಗಾಳಿ ತಣಿಸಲು ದೊಡ್ಡ ಇಂಟರ್‌ಕೂಲರ್, ಗಾಡಿಯನ್ನು ಮೂವತ್ತು ಮಿಲಿಮೀಟರ್ ತಗ್ಗಿಸುವ ಬಿಗಿ ಸ್ಪ್ರಿಂಗು. ಪಟ್ಟಿ ತಯಾರಿದೆ.

ಮಾರ್ಚ್ 15, ಶನಿವಾರ

ಹೊಸ ಫೆಂಡರಿಗೆ ಬಣ್ಣ ಬಿತ್ತು. ಕೆಂಪು ಬಣ್ಣ ಕೂಡಿಸುವಷ್ಟು ಕಷ್ಟ ಬೇರೊಂದಿಲ್ಲ, ಬಿಸಿಲಿಗೊಂದು ಕೆಂಪು, ಟ್ಯೂಬ್‌ಲೈಟಿಗೊಂದು ಕೆಂಪು. ಪೇಂಟರು ನಾಲ್ಕು ಸಲ ಬೆರೆಸಿದ. ನಾನು ಚಷ್ಮಾ ಅಂಗಡಿಯ ಹಿಂಬದಿಯಲ್ಲಿ ಕೂತು ಚೌಕಟ್ಟಿಗೆ ಗಾಜು ಕೊರೆದು ಕೂರಿಸುವವನು, ಕೂದಲೆಳೆಯಷ್ಟು ತಪ್ಪಿದರೂ ಗಿರಾಕಿಗೆ ತಲೆನೋವು ಬರುವ ಕೆಲಸ. ನನ್ನ ಕಣ್ಣಿಗೆ ಮಣ್ಣೆರಚುವುದು ಆಗದ ಮಾತು.

ಸಂಜೆ ಔಷಧಿ ಅಂಗಡಿಯಿಂದ ತಂಗಿ ನೇರ ಗ್ಯಾರೇಜಿಗೆ ಬಂದಳು. “ನಾನೇ ತಾನೇ ಹಾಳು ಮಾಡಿದ್ದು, ನಾನೂ ಏನಾದ್ರೂ ಮಾಡ್ತೀನಿ” ಎಂದಳು. ಚಕ್ರ ತೊಳೆಯಲು ಹೇಳಿದೆ. ಹಲ್ಲುಜ್ಜುವ ಬ್ರಷ್ಷು ಹಿಡಿದು ಒಂದೊಂದು ಕಡ್ಡಿಯ ಸಂದಿಯನ್ನೂ ಉಜ್ಜಿದಳು. ಆಮೇಲೆ ಟಾರ್ಚ್ ಹಿಡಿದು ನಿಂತಳು. ನಾನು ಮೆಷಿನ್ನಿನಲ್ಲಿ ಬಣ್ಣ ಉಜ್ಜಿ ಹೊಳಪಿಸುವ ಬಫಿಂಗ್ ಮುಗಿಸಿ ಬೆನ್ನು ನೆಟ್ಟಗೆ ಮಾಡುವಾಗ “ಅಣ್ಣ, ಇಲ್ಲಿ ಸುಳಿ ಉಳಿದಿದೆ” ಎಂದಳು. ಬಾಗಿಲಿನ ಹಿಡಿಯ ಕೆಳಗೆ, ಉಗುರಿನಷ್ಟು ಜಾಗದಲ್ಲಿ, ಮೆಷಿನ್ನಿನ ಸುಳಿಗುರುತು. ನನಗೆ ಕಂಡಿರಲಿಲ್ಲ. ಇವಳಿಗೆ ಕಣ್ಣು ಚೆನ್ನಾಗಿದೆ, ಕಾಲಿನದ್ದೇ ಕಥೆ ಬೇರೆ.

ಗ್ಯಾರೇಜಿನ ತಗಡಿನ ಸಂದಿಯಲ್ಲಿ ಪಾರಿವಾಳ ಗೂಡು ಕಟ್ಟಿದೆ. ಹಕ್ಕಿ ಹಿಕ್ಕೆ ಹತ್ತು ನಿಮಿಷ ಕೂತರೂ ಹೊಸ ಬಣ್ಣವನ್ನು ತಿಂದುಹಾಕುತ್ತದೆ. ಟಾರ್ಪಾಲು ಕಟ್ಟಿಸಿದೆ.

ಮಾರ್ಚ್ 19, ಬುಧವಾರ

ಡಿಸ್ಕು ಬಂತು. ಸ್ಪ್ರಿಂಗು ಕೂತಿತು. ಚಕ್ರ ಮತ್ತು ಫೆಂಡರಿನ ನಡುವೆ ಈಗ ಎರಡು ಬೆರಳು ಮಾತ್ರ ಹೋಗುತ್ತದೆ. ಅರ್ಧ ಗಂಟೆ ಸುಮ್ಮನೆ ನೋಡುತ್ತ ಕೂತಿದ್ದೆ.

ಮಾರ್ಚ್ 23, ಭಾನುವಾರ

ಬ್ರೇಕಿನ ಪೈಪುಗಳಿಂದ ಗಾಳಿ ತೆಗೆಯುವ ಕೆಲಸ. ಇದಕ್ಕೆ ಇಬ್ಬರು ಬೇಕೇ ಬೇಕು. ಒಬ್ಬರು ಒಳಗೆ ಕೂತು ಪೆಡಲ್ ತುಳಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರ ಸ್ಕ್ರೂ ಸಡಿಲಿಸಿ ಗುಳ್ಳೆ ಹೊರಗೆ ಬಿಡಬೇಕು. ಮೇಸ್ತ್ರಿ ಚಕ್ರದ ಹತ್ತಿರ ಕೂತರು. ನನ್ನ ಕೈಯಲ್ಲಿ ಹೊರಬರುವ ಆಯಿಲ್ ಹಿಡಿಯುವ ಬಾಟಲಿ ಇತ್ತು. ತಂಗಿಗೆ “ಹೋಗಿ ಕೂತು ತುಳಿ” ಎಂದೆ.

ಅವಳು ಅಲ್ಲಾಡಲಿಲ್ಲ. “ನಾನು ಬಾಟಲಿ ಹಿಡೀತೀನಿ ಅಣ್ಣ, ನೀನು ಕೂತ್ಕೋ.”

“ನಿಂತ ಗಾಡಿ ಕಣೇ. ಎಂಜಿನ್ ಕೂಡ ಆನ್ ಇಲ್ಲ. ಗುದ್ದೋಕೆ ಇಲ್ಲಿ ಗೋಡೆ ಎಲ್ಲಿದೆ?”

ಕೂತಳು. ಮೂರು ವಾರದ ಗ್ಯಾರೇಜಿನ ಧೂಳು ಹಿಡಿದು ಒರಟಾಗಿದ್ದ ಪೆಡಲಿನ ಮೇಲೆ ಕಾಲಿಟ್ಟಳು. ಮೇಸ್ತ್ರಿ “ತುಳಿ… ಹಿಡ್ಕೋ… ಬಿಡು” ಎನ್ನುತ್ತ ಹೋದರು. ಮೂರನೇ ಚಕ್ರಕ್ಕೆ ಬರುವಾಗ ಮೇಸ್ತ್ರಿ ಮಾತು ನಿಲ್ಲಿಸಿ ಬಾಗಿಲ ಕಡೆ ನೋಡಿದರು. ಅವಳ ಮೊಣಕಾಲು ಗಡಗಡ ನಡುಗುತ್ತಿತ್ತು. ಹಣೆಯಲ್ಲಿ ಬೆವರು. ಆದರೂ ಹೇಳಿದಾಗೆಲ್ಲ ತುಳಿದಳು, ಹೇಳಿದಾಗೆಲ್ಲ ಬಿಟ್ಟಳು.

ಬರುವಾಗ ದಾರಿಯಲ್ಲಿ “ಏಳನೇ ತಾರೀಕು ಹೋಗಲ್ಲ ಅಂತ ಯೋಚಿಸ್ತಿದೀನಿ” ಎಂದಳು. ನಾನು ಏನು ಹೇಳಲಿ? ಅವಳ ಜೀವನ, ಅವಳ ಇಷ್ಟ. ಪೆಡಲ್ ಈಗ ಕಲ್ಲಿನಂತೆ ಗಟ್ಟಿಯಾಗಿದೆ, ಬಲು ಒಳ್ಳೆಯ ಕೆಲಸ ಆಯಿತು.

ಮಾರ್ಚ್ 26, ಬುಧವಾರ

ರಜೆ ಹಾಕಿ ಒಳಭಾಗ ಪೂರ್ತಿ ಮಾಡಿದೆ. ಸೀಟು ಬಿಚ್ಚಿ ಕೆಳಗಿನ ನೆಲಹಾಸು ತೊಳೆದೆ. ಗಾಳಿ ಬರುವ ಕಿಂಡಿಗಳಿಗೆ ಚಿತ್ರ ಬಿಡಿಸುವ ಕುಂಚ. ಡ್ಯಾಶ್‌ಬೋರ್ಡಿಗೆ ಫೆಬ್ರವರಿಯಲ್ಲಿ ತರಿಸಿದ ಹೊಸ ಪಾಲಿಶ್. ಹಳೆಯದು ಬರೀ ನೀರು ನೀರಾಗಿತ್ತು, ಇದು ದಪ್ಪ, ಒಂದೇ ಸಲಕ್ಕೆ ಮುಖ ಕಾಣುತ್ತದೆ. ಬಟ್ಟೆಯಲ್ಲಿ ಉಳಿದದ್ದನ್ನು ಯಾವತ್ತಿನಂತೆ ಕೊನೆಗೆ ಪೆಡಲುಗಳಿಗೆ ಒರೆಸಿದೆ. ವ್ಯರ್ಥ ಮಾಡುವವನಲ್ಲ ನಾನು. ಪೆಡಲ್ ಹೊಳೆಯುವ ಗಾಡಿಯ ಮಾಲೀಕ ಉಳಿದದ್ದನ್ನೂ ಬಿಟ್ಟಿರುವುದಿಲ್ಲ ಎಂದು ತೀರ್ಪುಗಾರರಿಗೆ ಗೊತ್ತು.

ಮಾರ್ಚ್ 27, ಗುರುವಾರ

ಇವತ್ತು ಅಕ್ಷರ ಸೊಟ್ಟ ಬೀಳುತ್ತಿದೆ.

ಸಂಜೆ ಮೇಸ್ತ್ರಿ ಕೆಂಪಿಯನ್ನು ಮೊದಲ ಸಲ ತಾವೇ ಓಡಿಸಿ ಅಂಗಳಕ್ಕೆ ತರಲು ಕೂತರು. ನಾನು ಮುಂದೆ ನಿಂತು ಕೈ ಆಡಿಸುತ್ತ ದಾರಿ ತೋರಿಸುತ್ತಿದ್ದೆ. ಹಿಂದೆ ಗೋಡೆ. ಸಾಕು ಎಂದು ಅಂಗೈ ಎತ್ತಿದೆ. ಗಾಡಿ ನಿಲ್ಲಲಿಲ್ಲ. ಗಾಜಿನ ಹಿಂದೆ ಮೇಸ್ತ್ರಿಯ ಮುಖ ಒಮ್ಮೆಗೇ ಕೆಳಗೆ ಬಾಗಿತು. ಗಾಡಿ ಇನ್ನೂ ಬಂತು. ಹ್ಯಾಂಡ್‌ಬ್ರೇಕ್ ಕಿರ್ರೆಂದಾಗ ಬಂಪರಿಗೂ ನನ್ನ ಮೊಣಕಾಲಿಗೂ ಒಂದು ಗೇಣು ಉಳಿದಿತ್ತು.

ಮೇಸ್ತ್ರಿ ಇಳಿದರು. ಮೊದಲು ತಮ್ಮ ಚಪ್ಪಲಿಯ ಅಡಿ ನೋಡಿದರು. ಆಮೇಲೆ ಬಗ್ಗಿ ಬ್ರೇಕ್ ಪೆಡಲನ್ನು ಬೆರಳಿನಿಂದ ಮುಟ್ಟಿ ಮೂಗಿನ ಹತ್ತಿರ ಹಿಡಿದರು.

“ಯಾವನಪ್ಪ ಪೆಡಲ್‌ಗೆ ಪಾಲಿಶ್ ಹಚ್ಚಿದ್ದು? ಸಾಯ್ಸೋಕೆ ಬೇರೆ ದಾರಿ ಸಿಗ್ಲಿಲ್ವಾ ಅವನಿಗೆ? ತುಳಿದ್ರೆ ಕಾಲು ನಿಲ್ಲೋದೇ ಇಲ್ವಲ್ಲ!”

“ಗೊತ್ತಿಲ್ಲ ಮೇಸ್ತ್ರಿ, ಒರೆಸೋವಾಗ ಬಟ್ಟೆ ತಾಗಿರ್ಬೇಕು” ಎಂದೆ.

ಅವರು ಸೋಪಿನ ನೀರು ತಂದು ಪೆಡಲುಗಳನ್ನು ತಿಕ್ಕಿ ತಿಕ್ಕಿ ತೊಳೆದರು. ಬಂಪರಿಗೆ ಏನೂ ಆಗಿಲ್ಲ.

ಮಾರ್ಚ್ 28, ಶುಕ್ರವಾರ

ಈ ನೋಟ್‌ಬುಕ್ಕಿನ ಮೊದಲ ಪುಟ ತಿರುಗಿಸಿ ಓದಿದೆ. ಓದಬಾರದಿತ್ತು.

ಆದರೆ ಇದರಿಂದ ಏನೂ ಸಾಬೀತಾಗುವುದಿಲ್ಲ. ಒಂದು, ಅವಳು ಅವತ್ತು ಹಾಕಿದ್ದು ಸವೆದ ಚಪ್ಪಟೆ ಚಪ್ಪಲಿ. ಎರಡು, ತಿರುವಿನಲ್ಲಿ ವೇಗ ಹೆಚ್ಚೇ ಇದ್ದಿರಬೇಕು. ಮೂರು, ಹ್ಯಾಂಡ್‌ಬ್ರೇಕ್ ಎಳೆಯಬಹುದಿತ್ತು, ಮೇಸ್ತ್ರಿ ಎಳೆಯಲಿಲ್ಲವೇ?

ಮೇಸ್ತ್ರಿಗೆ ಮೂವತ್ತು ವರ್ಷದ ಅನುಭವ.

ಮಾರ್ಚ್ 29, ಶನಿವಾರ

ಬೆಳಿಗ್ಗೆ ಹೊರಡುವಾಗ ತಂಗಿ ಒಂದು ಲಕೋಟೆ ಕೊಟ್ಟಳು. ಆಂಬುಲೆನ್ಸ್ ಆಫೀಸು ನಮ್ಮ ಚಷ್ಮಾ ಅಂಗಡಿಯ ಎದುರಿನ ಸಾಲಿನಲ್ಲೇ ಇದೆ. “ನೀನೇ ಕೊಟ್ಟುಬಿಡು ಅಣ್ಣ. ನಾನು ಹೋದ್ರೆ ಯಾಕೆ ಏನು ಅಂತ ಕೇಳ್ತಾರೆ, ಅತ್ತುಬಿಡ್ತೀನಿ.” ಪರೀಕ್ಷೆಗೆ ಬರುವುದಿಲ್ಲ ಎಂಬ ಪತ್ರ. ಅಮ್ಮ “ಒಳ್ಳೇದಾಯ್ತು, ಒಂದು ಚಿಂತೆ ಕಳೀತು” ಎಂದಳು.

ಆಫೀಸಿನ ಬಾಗಿಲವರೆಗೆ ಹೋದೆ. ಒಳಗೆ ಚಾಲಕರು ಓಡಾಡುತ್ತಿದ್ದರು, ಕಡು ನೀಲಿ ಪ್ಯಾಂಟು, ಮೊಣಕಾಲಿನ ಕೆಳಗೆ ಬೆಳ್ಳಿ ಪಟ್ಟಿ. ಕಾವಲಿನವನು ಏನು ಬೇಕು ಎಂದ. ವಿಳಾಸ ತಪ್ಪಿತು ಎಂದು ಹೇಳಿ ವಾಪಸ್ ಬಂದೆ. ಲಕೋಟೆ ಬ್ಯಾಗಿನಲ್ಲಿದೆ.

ಮಾರ್ಚ್ 30, ಭಾನುವಾರ

ಊಹೆಗಿಂತ ಅಳತೆ ಮೇಲು. ಅಂಗಡಿಯಲ್ಲೂ ನಾನು ಹೀಗೇ ಮಾಡುವುದು.

ಬ್ರೇಕ್ ಪೆಡಲಿನ ರಬ್ಬರನ್ನು ಬಿಚ್ಚಿ ತಂದು ಒಂದು ಹಲಗೆಗೆ ಸ್ಕ್ರೂ ಹಾಕಿ ಕೂರಿಸಿದೆ. ತಂಗಿಯ ಅದೇ ಚಪ್ಪಲಿಯನ್ನು ಅದರ ಮೇಲಿಟ್ಟು, ಮೇಲೆ ಎರಡು ಕಿಲೋ ತೂಕದ ಕಬ್ಬಿಣ ಕಟ್ಟಿದೆ. ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತುತ್ತ ಹೋಗುವುದು, ಚಪ್ಪಲಿ ಜಾರಿದ ಕೂಡಲೇ ಕೋನಮಾಪಕ ನೋಡುವುದು.

ಸೋಪು ಹಾಕಿ ತೊಳೆದ ರಬ್ಬರು: ನಲವತ್ತೊಂದು ಡಿಗ್ರಿಗೆ ಜಾರಿತು. ಪಾಲಿಶ್ ಒರೆಸಿದ ರಬ್ಬರು: ಹದಿನೇಳಕ್ಕೆ. ಪಾಲಿಶ್ ಒರೆಸಿ, ಆ ಶನಿವಾರ ಸಂಜೆಯಿಂದ ಭಾನುವಾರ ಬೆಳಿಗ್ಗೆಯವರೆಗೆ ಆದಂತೆ, ಹದಿನಾಲ್ಕು ಗಂಟೆ ಆರಲು ಬಿಡುವಷ್ಟು ತಾಳ್ಮೆ ಇರಲಿಲ್ಲ. ಆರು ಗಂಟೆ ಬಿಟ್ಟೆ: ಹದಿನೆಂಟು.

ಏಳು ಸಲ ಮಾಡಿದೆ. ಎಂಟನೇ ಸಲ ನನ್ನ ಬೂಟು ಇಟ್ಟು ನೋಡಿದೆ, ಇಪ್ಪತ್ತು. ನಾನಾಗಿದ್ದರೂ ಗುದ್ದುತ್ತಿದ್ದೆ.

ಹಲಗೆಯನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನ ಕೆಳಗಿಟ್ಟೆ. ಕೆಂಪಿಗೆ ಹೊಸ ಪೆಡಲ್ ರಬ್ಬರು ಹಾಕಿಸಿದರಾಯಿತು.

ಏಪ್ರಿಲ್ 1, ಮಂಗಳವಾರ

ಅಮ್ಮನ ಪ್ಲಾಸ್ಟರ್ ಬಿಚ್ಚಿದರು. ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಒಳಗಿಂದ ಬಂದ ಕೈ ಬಿಳಿಚಿಕೊಂಡು ಅರ್ಧ ಆಗಿದೆ. ಹೆಬ್ಬೆರಳೂ ತೋರುಬೆರಳೂ ಸೇರುವುದಿಲ್ಲ, ನಡುವೆ ಒಂದು ಅಕ್ಕಿಕಾಳಿನಷ್ಟು ಉಳಿಯುತ್ತದೆ. ಆ ಅಕ್ಕಿಕಾಳಿನಷ್ಟರಲ್ಲೇ ಸೂಜಿ ಹಿಡಿಯಬೇಕು. ನಲವತ್ತು ವರ್ಷ ಹೊಲಿಗೆಯಲ್ಲೇ ನಮ್ಮನ್ನು ಸಾಕಿದ ಕೈ ಅದು. ದಿನಕ್ಕೆ ನೂರು ಸಲ ಸ್ಪಂಜು ಹಿಚುಕಲು ಹೇಳಿದ್ದಾರೆ. ತಂಗಿ ಎದುರು ಕೂತು ಎಣಿಸುತ್ತಾಳೆ. ನಲವತ್ತಕ್ಕೆ ಅಮ್ಮ “ಸಾಕು ಕಣೇ, ನಿನ್ನಿಂದಲೇ ಇದು” ಎಂದಳು. ತಂಗಿ “ಹೌದಮ್ಮ, ನಲವತ್ತೊಂದು” ಎಂದಳು.

ನಾನು ಪಕ್ಕದ ಕೋಣೆಯಲ್ಲಿದ್ದೆ. ತೊಳೆದ ರಬ್ಬರಿನ ಮೇಲೆ ಚಪ್ಪಲಿ ಜಾರಿದ್ದೂ ನಲವತ್ತೊಂದಕ್ಕೇ.

ಏಪ್ರಿಲ್ 3, ಗುರುವಾರ

ಮೂರು ಸಲ ಬಾಯಿ ತೆರೆದೆ. ಬೆಳಿಗ್ಗೆ ಅವಳು ನನ್ನ ಡಬ್ಬಿ ಕಟ್ಟುವಾಗ. ಸಂಜೆ ಗ್ಯಾರೇಜಿನಲ್ಲಿ ಅವಳು ಚಕ್ರ ಉಜ್ಜುವಾಗ. ವಾಪಸ್ ಬರುವ ಬಸ್ಸಿನಲ್ಲಿ. ಮೂರು ಸಲವೂ ಪಾಲಿಶಿನ ಮಾತು ಬಿಟ್ಟು ಬೇರೇನೋ ಹೇಳಿದೆ.

ಪತ್ರವನ್ನು ಕೊಟ್ಟಿಲ್ಲವಲ್ಲ, ಅವಳ ಜಾಗ ಹಾಗೇ ಉಳಿದಿದೆ. ಅಷ್ಟು ಉಪಕಾರವಾದರೂ ಮಾಡಿದ್ದೇನೆ ಎಂದು ಬಸ್ಸಿನಲ್ಲಿ ಅಂದುಕೊಂಡೆ. ಮನೆಗೆ ಬರುವಷ್ಟರಲ್ಲಿ ಆ ಮಾತಿನ ಮೇಲೆ ನನಗೇ ಹೇಸಿಗೆ ಹುಟ್ಟಿತು. ಹೋಗುವವಳು ಅವಳು, ಅವಳೇ ಹೋಗದಿದ್ದರೆ ಜಾಗ ಉಳಿದು ಏನು ಪ್ರಯೋಜನ?

ಹೇಳಿದರೆ ಏನಾಗುತ್ತದೆ? ಬೈಯುತ್ತಾರೆ. ಬೈಸಿಕೊಳ್ಳುವುದು ಕಷ್ಟವಲ್ಲ. ಅಂಗಡಿಯಲ್ಲಿ, ಕೂಟದಲ್ಲಿ, ಮನೆಯಲ್ಲಿ, ಎಲ್ಲ ಕಡೆ ನಾನು ತಪ್ಪು ಹುಡುಕುವವನು. ತಪ್ಪು ಮಾಡಿದವನಾಗಿ ಹೇಗೆ ನಿಲ್ಲುವುದು ಎಂದು ಗೊತ್ತಿಲ್ಲ. ಹೆದರಿಕೆ ಅದಕ್ಕೇ.

ಕೂಟದ ಹಿರಿಯ ಟರ್ಬೊ ಅಣ್ಣ ಫೋನ್ ಮಾಡಿದ್ದರು. ಪ್ರದರ್ಶನದಲ್ಲಿ ನನಗೆ ಹದಿನಾಲ್ಕನೇ ನಂಬರಿನ ಜಾಗವಂತೆ.

ಏಪ್ರಿಲ್ 5, ಶನಿವಾರ

ಎಲ್ಲ ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಮಧ್ಯಾಹ್ನ ಕೆಂಪಿಯನ್ನು ಮನೆಗೆ ತಂದೆ. ಬಾಗಿಲಲ್ಲೇ ತಂಗಿ ಕಾಯುತ್ತಿದ್ದಳು. “ಅಣ್ಣ, ಆಂಬುಲೆನ್ಸ್ ಆಫೀಸಿಂದ ಫೋನ್ ಬಂದಿತ್ತು. ಸೋಮವಾರ ಎಂಟು ಗಂಟೆಗೆ ಬರಬೇಕಂತೆ. ನೀನು ಪತ್ರ ಕೊಟ್ಟೆ ತಾನೇ?”

“ಕೊಟ್ಟೆ. ಅವರೇ ಎಲ್ಲೋ ಬಿಸಾಕಿರ್ಬೇಕು” ಎಂದೆ. ಎಷ್ಟು ಸಲೀಸಾಗಿ ಬಂತು ಸುಳ್ಳು!

“ಇರ್ಲಿ ಬಿಡು, ಇನ್ನೊಂದು ಬರೀತೀನಿ. ಇವತ್ತು ಸಂಜೆಯೊಳಗೆ ನಾನೇ ಕೊಟ್ಟು ಬರ್ತೀನಿ” ಎಂದು ಅಮ್ಮನ ಹೊಲಿಗೆ ಮೆಷಿನ್ನಿನ ಮೇಲೆ ಕಾಗದ ಇಟ್ಟುಕೊಂಡು ಬರೆಯಲು ಕೂತಳು. ನಾನು ಅವಳ ಹಿಂದೆ ನಿಂತಿದ್ದೆ. ದುಂಡಗಿನ ಅಕ್ಷರ, ಶಾಲೆಯಲ್ಲಿ ಬಹುಮಾನ ತಂದ ಅಕ್ಷರ. ‘ಅಪಾಯದ ಹೊತ್ತಿನಲ್ಲಿ ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ ಎಂದು ನನಗೆ ತಿಳಿದುಬಂದಿದೆ. ಬೇರೆಯವರ ಜೀವವನ್ನು ನನ್ನ ಕೈಗೆ ಕೊಡಬೇಡಿ.’

ಕೊನೆಯ ಸಾಲಿಗೆ ಅವಳು ಚುಕ್ಕೆ ಇಡುವಷ್ಟರಲ್ಲಿ ನಾನು ಕಪಾಟಿನ ಹತ್ತಿರ ಹೋಗಿದ್ದೆ. ಹಲಗೆ ತಂದು ಅವಳ ಮುಂದೆ ನೆಲದ ಮೇಲಿಟ್ಟೆ. ಬಟ್ಟೆಗೆ ಪಾಲಿಶ್ ಸುರಿದು ರಬ್ಬರಿಗೆ ಒರೆಸಿದೆ.

“ಚಪ್ಪಲಿ ಹಾಕ್ಕೊಂಡು ಇದರ ಮೇಲೆ ಕಾಲಿಡು. ಒತ್ತು.”

“ಏನಣ್ಣ ಇದು?”

“ಒತ್ತು ಅಂದ್ನಲ್ಲ.”

ಒತ್ತಿದಳು. ಕಾಲು ಸರ್ರನೆ ಜಾರಿ ನೆಲಕ್ಕೆ ಬಡಿಯಿತು. ಬೀಳದ ಹಾಗೆ ಮೆಷಿನ್ ಹಿಡಿದುಕೊಂಡಳು. ಇನ್ನೊಮ್ಮೆ ಒತ್ತಿದಳು, ಈ ಸಲ ನಾನು ಹೇಳದೆ. ಜಾರಿತು. ಮೂರನೇ ಸಲ ಬಲವಾಗಿ ತುಳಿದಳು. ಸದ್ದು ಕೇಳಿ ಅಮ್ಮ ಅಡುಗೆಮನೆಯಿಂದ ಬಂದಳು.

“ಇದು ಕೆಂಪಿಯ ಬ್ರೇಕ್ ಪೆಡಲ್. ಗುದ್ದೋ ಹಿಂದಿನ ದಿನ ನಾನು ಇದಕ್ಕೆ ಪಾಲಿಶ್ ಹಚ್ಚಿದ್ದೆ. ನಿನ್ನ ಕಾಲು ಜಾರಿದ್ದು ನಿಜ. ಜಾರೋ ಹಾಗೆ ಮಾಡಿದೋನು ನಾನು.”

ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತ ಕೇಳಿದಳು. “ನಿನಗೆ ಯಾವಾಗ ಗೊತ್ತಾಯ್ತು?”

“ಹೋದ ಭಾನುವಾರ ಖಚಿತ ಆಯ್ತು.”

“ಅನುಮಾನ ಯಾವಾಗ ಬಂತು?”

“ಅದಕ್ಕೆ ಮುಂಚಿನ ಗುರುವಾರ.”

“ಹಾಗಾದ್ರೆ ಗುರುವಾರದಿಂದ ಲೆಕ್ಕ.” ಬೆರಳು ಮಡಚಿ ಎಣಿಸಿದಳು. “ಒಂಬತ್ತು ದಿನ. ಪಾಲಿಶ್ ಹಚ್ಚಿದ್ದು ಗೊತ್ತಿಲ್ದೆ ಆಯ್ತು ಅಣ್ಣ, ಅದಕ್ಕೆ ನಾನೇನೂ ಅನ್ನಲ್ಲ. ಒಂಬತ್ತು ದಿನ ನಾನು ನಿನ್ನ ಕಾರಿನ ಚಕ್ರ ಉಜ್ಜುತ್ತಾ ಕೂತಿದ್ನಲ್ಲ, ಆಗ ನೀನೆಲ್ಲಿದ್ದೆ?”

“ಪಕ್ಕದಲ್ಲೇ ಇದ್ದೆ.”

ಬ್ಯಾಗಿನಿಂದ ಮೊದಲ ಪತ್ರ ತೆಗೆದುಕೊಟ್ಟೆ. ಒಡೆಯದ ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. “ಇದನ್ನ ಇಟ್ಕೊಂಡು ನನಗೆ ಒಳ್ಳೇದು ಮಾಡ್ತಿದೀನಿ ಅಂದ್ಕೊಂಡ್ಯಾ?” ಎರಡೂ ಪತ್ರಗಳನ್ನು ಸೇರಿಸಿ ಹರಿದಳು.

ಅಮ್ಮ ಹರಿದ ಚೂರುಗಳನ್ನು ಎಡಗೈಯಲ್ಲಿ ಎತ್ತಿಕೊಂಡಳು. “ಏಳು ವಾರದಿಂದ ಈ ಹುಡುಗೀನ ನಾನು ಏನೇನು ಅಂದಿದೀನಿ ಗೊತ್ತೇನೋ ನಿನಗೆ?” ಎಂದು ಒಳಗೆ ಹೋದಳು. ನನಗೆ ಗೊತ್ತಿದೆ. ಎಲ್ಲವನ್ನೂ ಕೇಳಿಸಿಕೊಂಡಿದ್ದೇನೆ.

ಏಪ್ರಿಲ್ 6, ಭಾನುವಾರ

ಬೆಳಿಗ್ಗೆ ತಂಗಿ ಕೈ ಚಾಚಿದಳು. ಕೀಲಿ ಕೊಟ್ಟೆ. ಪೆಡಲುಗಳಿಗೆ ಹೊಸ ರಬ್ಬರು ಹಾಕಿಸಿದ್ದೇನೆ ಎಂದರೂ ಕೇಳದೆ ಸೋಪು, ಬ್ರಷ್ಷು ತಂದು ತಾನೇ ತಿಕ್ಕಿ ತೊಳೆದಳು. ಒಣಬಟ್ಟೆಯಲ್ಲಿ ಒರೆಸಿ, ಅಂಗೈ ಒತ್ತಿ ನೋಡಿದಳು. ಪಕ್ಕದಲ್ಲಿ ಕೂರಲು ಮೇಸ್ತ್ರಿಯನ್ನು ಕರೆಸಿದ್ದಳು, ನನ್ನನ್ನಲ್ಲ. ಮೇಸ್ತ್ರಿಗೆ ಏನು ಹೇಳಿದ್ದಳೋ. ಅವರು ನನ್ನತ್ತ ಒಮ್ಮೆ ನೋಡಿ “ನನಗೆ ಅವತ್ತೇ ಗೊತ್ತಾಗಿತ್ತು ಕಣಪ್ಪ. ನೀನಾಗೇ ಹೇಳ್ತೀಯ ಅಂತ ಕಾದೆ” ಎಂದರು.

ಗೇಟಿನಿಂದ ಹೊರಗೆ ಬರುವಾಗ ಎಂಜಿನ್ ಎರಡು ಸಲ ಆಫ್ ಆಯಿತು. ಅಂಚೆ ಕಚೇರಿಯ ತಿರುವಿನಲ್ಲಿ ಬ್ರೇಕಿನ ಕೆಂಪು ದೀಪ ಹತ್ತಿದ್ದು ಕಂಡಿತು. ದೀಪ ಆರುವವರೆಗೆ ಗೇಟಿನಲ್ಲೇ ನಿಂತಿದ್ದೆ.

ಟರ್ಬೊ ಅಣ್ಣ ಫೋನ್ ಮಾಡಿ ಹದಿನಾಲ್ಕನೇ ಜಾಗ ಖಾಲಿ ಇದೆ ಎಂದರು. ಗಾಡಿ ಕೆಲಸದಲ್ಲಿದೆ ಎಂದೆ. ಆಮೇಲೆ ಕೂಟದ ಗುಂಪಿನಲ್ಲಿ ಬರೆದೆ: ‘ಗುದ್ದಿದ್ದು ತಂಗಿಯ ತಪ್ಪಲ್ಲ. ಪೆಡಲಿಗೆ ಪಾಲಿಶ್ ಹಚ್ಚಿದವನು ನಾನು. ಆಂಬುಲೆನ್ಸಿನ ಜೋಕಿಗೂ ಕ್ಷಮೆ ಕೇಳುತ್ತೇನೆ. ನೀವ್ಯಾರೂ ಪೆಡಲಿಗೆ ಹಚ್ಚಬೇಡಿ.’ ಒಬ್ಬ ಮಾತ್ರ ‘ಯಾವ ಪಾಲಿಶ್?’ ಎಂದು ಕೇಳಿದ.

ಅವರು ವಾಪಸ್ ಬರುವಾಗ ಎರಡು ಗಂಟೆ. ಬಾನೆಟ್ಟಿನ ಮೇಲೆ ಹಕ್ಕಿ ಹಿಕ್ಕೆ ಒಣಗಿತ್ತು. ಇಳಿದು ನಡೆಯುವಾಗ ತಂಗಿಯ ಕಾಲು ನಡುಗುತ್ತಿರಲಿಲ್ಲ, ಅದನ್ನು ಗಮನಿಸಿ ನೋಡಿದೆ.

ಏಪ್ರಿಲ್ 7, ಸೋಮವಾರ

ಏಳು ಗಂಟೆಗೆ ಒಬ್ಬಳೇ ಕೆಂಪಿಯನ್ನು ತೆಗೆದುಕೊಂಡು ಹೋದಳು. ನಾನು ಅಂಗಡಿಗೆ ಹೋಗಲಿಲ್ಲ. ಅಮ್ಮನ ಎದುರು ಕೂತು ಸ್ಪಂಜಿನ ಲೆಕ್ಕ ಎಣಿಸಿದೆ. ಅಮ್ಮ ಬೇಡ ಎನ್ನಲಿಲ್ಲ. ನೂರಾಯಿತು. ಇನ್ನೂ ಒಂದು ನೂರು ಹಿಚುಕಿದಳು.

ಹನ್ನೆರಡೂವರೆಗೆ ಫೋನ್ ಬಂತು. ಅಮ್ಮ “ಹ್ಞೂ… ಹ್ಞೂ… ಆಯ್ತು” ಎಂದು ಕೆಳಗಿಟ್ಟಳು. ಮುಖದಲ್ಲಿ ಏನೂ ಇಲ್ಲ. ಗಿರಾಕಿಯ ಬಟ್ಟೆ ಕಡಿಮೆ ಬಿದ್ದಾಗಲೂ ಅಮ್ಮ ಹೀಗೇ ಮುಖ ಇಟ್ಟುಕೊಳ್ಳುವುದು.

“ಏನಂತಮ್ಮ?”

“ಅವಳೇ ಹೇಳ್ತಾಳಂತೆ.”

“ಯಾವಾಗ?”

“ಒಂಬತ್ತು ದಿನ ಆದ್ಮೇಲೆ. ನಿನಗೆ ಮಾತ್ರ.”

ಸಂಜೆ ಬಂದಳು. ಅಮ್ಮನ ಜೊತೆ ಬಿಸಿಲು, ಟ್ರಾಫಿಕ್ಕು ಎಂದು ಮಾತಾಡಿದಳು. ನನ್ನ ತಟ್ಟೆಗೂ ಬಡಿಸಿದಳು. ಅವಳ ಮುಖದಲ್ಲೂ ಏನೂ ಗೊತ್ತಾಗಲಿಲ್ಲ. ಕೇಳುವ ಹಕ್ಕು ನನಗಿಲ್ಲ.

ಏಪ್ರಿಲ್ 10, ಗುರುವಾರ

ಬೆಳಿಗ್ಗೆ ಅಮ್ಮ ಕರೆದಳು. “ಸೂಜಿಗೆ ದಾರ ಪೋಣಿಸು ಬಾ. ನನ್ನ ಬೆರಳು ಇನ್ನೂ ಅಷ್ಟು ಬಾಗಲ್ಲ.”

ಕಿಟಕಿಯ ಬೆಳಕಿಗೆ ಹಿಡಿದು ಒಂದೇ ಸಲಕ್ಕೆ ಪೋಣಿಸಿ ಕೊಟ್ಟೆ. ಅಮ್ಮನ ಮಡಿಲಲ್ಲಿ ಗರಿಗರಿಯಾದ ಹೊಸ ಪ್ಯಾಂಟು, ಕಡು ನೀಲಿ. ಮೊಣಕಾಲಿನ ಕೆಳಗೆ ಸುತ್ತಲೂ ಬೆಳ್ಳಿ ಬಣ್ಣದ ಹೊಳೆಯುವ ಪಟ್ಟಿ. ಕಾಲು ಮೂರು ಇಂಚು ಉದ್ದವಿತ್ತು.

“ಯಾರದ್ದಮ್ಮ ಇದು?”

“ಯಾರೋ ಗಿರಾಕೀದು. ಮಡಚಿ ಹಿಡಿ ಇಲ್ಲಿ.”

ಮಡಚಿ ಹಿಡಿದೆ. ಅಮ್ಮ ನಿಧಾನವಾಗಿ ಒಂದೊಂದೇ ಹೊಲಿಗೆ ಹಾಕುತ್ತ ಬಂದಳು. ಅಕ್ಕಿಕಾಳಿನಷ್ಟು ಅಂತರ ಈಗ ಮುಚ್ಚಿದೆ, ಸೂಜಿ ಜಾರಲಿಲ್ಲ. ತಂಗಿ ಆಚೆ ಕಿಟಕಿಯ ಹತ್ತಿರ ಲೋಟ ಹಿಡಿದು ನಮಗೆ ಬೆನ್ನು ಮಾಡಿ ಕೂತಿದ್ದಳು. ಶನಿವಾರದಿಂದ ಅವಳು ನನ್ನ ಜೊತೆ ಒಂದು ಮಾತೂ ಆಡಿಲ್ಲ.

ಎರಡನೇ ಕಾಲಿಗೆ ಬಂದಾಗ ಅವಳು ಅರ್ಧ ತಿರುಗಿ ನೋಡಿದಳು. “ಸೊಟ್ಟ ಹಿಡಿಬೇಡ ಅಣ್ಣ. ಒಂದು ಕಾಲು ಗಿಡ್ಡ ಆಗುತ್ತೆ.”

ನೆಟ್ಟಗೆ ಹಿಡಿದೆ. ಏನೂ ಕೇಳಲಿಲ್ಲ. ಇನ್ನೂ ಆರು ದಿನ ಇದೆ.